ಇನ್ನೇನು, ಎಂಜಿನ್ ಒಂದು ಕೂತರೆ ಮುಗೀತು

ಇಂಥವರು ಊರಿಗೊಬ್ಬರು ಇರುತ್ತಾರೆ. ಅವರ ಮನೆಗೆ ದಾರಿ ಹೇಳುವಾಗ ಯಾರೂ ಗುಡಿ, ಶಾಲೆ, ನೀರಿನ ಟ್ಯಾಂಕು ಎನ್ನುವುದಿಲ್ಲ. "ಹಳೇ ಗಾಡಿ ನಿಂತಿದೆಯಲ್ಲ, ಆ ಮನೆ" ಎನ್ನುತ್ತಾರೆ. ಮೈಸೂರಿನ ಕಡೆಯಾದರೆ ಆ ಗಾಡಿ ಬಹುಪಾಲು ಜಾವಾ ಬೈಕು. ಊರಲ್ಲೇ ಕಾರ್ಖಾನೆ ಇದ್ದದ್ದರ ಪರಿಣಾಮ. ಕಾಫಿ ತೋಟಗಳ ಸೀಮೆಯಲ್ಲಿ ವಿಲ್ಲೀಸ್ ಜೀಪು. ಬಸವನಗುಡಿ, ಮಲ್ಲೇಶ್ವರದ ಹಳೇ ಕಾಂಪೌಂಡುಗಳಲ್ಲಿ ಟಾರ್ಪಾಲು ಹೊದ್ದ ಹೆರಾಲ್ಡು ಅಥವಾ ಮಾರಿಸ್ ಮೈನರ್. ಗಾಡಿ ಯಾವುದೇ ಇರಲಿ, ಯಜಮಾನರು ಆಡುವ ಮಾತು ರಾಜ್ಯಾದ್ಯಂತ ಒಂದೇ: "ಇನ್ನೇನು, ಎಂಜಿನ್ ಒಂದು ಕೂತರೆ ಮುಗೀತು."

ಎಂಜಿನ್ ಕೂತಿರುವುದಿಲ್ಲ. ಯಜಮಾನರು ಕೂತಿರುತ್ತಾರೆ.

ಈ ಕುಲದಲ್ಲಿ ಎಲ್ಲರಿಗಿಂತ ದೊಡ್ಡ ಗಾಡಿ ಇಟ್ಟುಕೊಂಡವರು, ನನಗೆ ಗೊತ್ತಿರುವ ಮಟ್ಟಿಗೆ, ನಮ್ಮ ಭಾವ. ಮಿಕ್ಕವರದು ಬೈಕು, ಕಾರು, ಇವರದು ಲಾರಿ. ಫಾರ್ಗೋ ಲಾರಿ. ತಿಪಟೂರಿನ ಕಡೆ ಅವರ ತೋಟದ ಮನೆಯ ಮಗ್ಗುಲಲ್ಲಿ, ತೆಂಗಿನ ಗರಿಯ ಚಪ್ಪರದ ಕೆಳಗೆ, ಸೈಜುಗಲ್ಲುಗಳ ಮೇಲೆ ಅದರ ವಾಸ. ಭಾವನ ತಂದೆ ಒಂದು ಕಾಲದಲ್ಲಿ ಅದರಲ್ಲಿ ಕೊಬ್ಬರಿ ಲೋಡು ಹೊಡೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಲಾರಿ ನಿಂತಿತು. ಭಾವ ಸ್ಟೀರಿಂಗ್ ಹಿಡಿಯಲಿಲ್ಲ, ಸೀಮೆಸುಣ್ಣ ಹಿಡಿದರು. ಹೈಸ್ಕೂಲಿನ ಗಣಿತದ ಮೇಷ್ಟ್ರಾಗಿ ತಲೆಮಾರುಗಟ್ಟಲೆ ಮಕ್ಕಳಿಗೆ "ಹೋಂವರ್ಕು ಅವತ್ತಿಂದವತ್ತೇ ಮುಗಿಸ್ಬೇಕು" ಎಂದು ಬೆತ್ತ ತೋರಿಸಿದರು. ರಿಟೈರಾದ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದವರೇ ಚಪ್ಪರದ ಕೆಳಗೆ ನಿಂತು, ಅಪ್ಪನ ಲಾರಿಯನ್ನು ಮತ್ತೆ ರೋಡಿಗಿಳಿಸುವುದಾಗಿ ಘೋಷಿಸಿದರು. ಆ ಹಾರವನ್ನು ಬಾನೆಟ್ಟಿಗೆ ಹಾಕಿದರು. ಊರು ಅವತ್ತಿನಿಂದ ಅವರನ್ನು ಫಾರ್ಗೋ ಮೇಷ್ಟ್ರು ಎಂದು ಕರೆಯುತ್ತಿದೆ. ಹಳೇ ವಿದ್ಯಾರ್ಥಿಗಳು ಈಗ ಗಡ್ಡ ನೆರೆತವರಾಗಿದ್ದು, ಬೈಕು ನಿಧಾನ ಮಾಡಿ, "ಹೋಂವರ್ಕ್ ಆಯ್ತಾ ಸಾರ್?" ಎಂದು ಕೇಳಿ ಗೇರು ಬದಲಿಸಿಕೊಂಡು ಹೋಗಿಬಿಡುತ್ತಾರೆ.

ಬಿಚ್ಚುವ ಕೆಲಸ ಅಮೋಘವಾಗಿ ನಡೆಯಿತು ಎಂಬುದನ್ನು ಹೇಳಲೇಬೇಕು. ಬಿಚ್ಚುವುದರಲ್ಲಿ ಒಂದು ಸುಖವಿದೆ. ಪ್ರತಿ ನಟ್ಟು ಕೈಗೆ ಬಂದಾಗಲೂ ಏನೋ ಸಾಧಿಸಿದ ಹಾಗಾಗುತ್ತದೆ, ನೋಡುವವರಿಗೂ ಗಂಭೀರ ಕೆಲಸ ನಡೆಯುತ್ತಿದೆ ಅನ್ನಿಸುತ್ತದೆ, ತಪ್ಪು ಮಾಡಿದರೂ ಅದು ಜೋಡಿಸುವಾಗಲೇ ತಿಳಿಯುವುದು. ಮೊಮ್ಮಕ್ಕಳ ಒಂದು ದಸರಾ ರಜೆ ಮುಗಿಯುವಷ್ಟರಲ್ಲಿ ಲಾರಿ ಇದ್ದ ಜಾಗದಲ್ಲಿ ಬರೀ ಚಾಸಿ ಇತ್ತು, ಲಾರಿ ಮನೆಯೊಳಗಿತ್ತು. ರೇಡಿಯೇಟರು ಅಕ್ಕನ ಹೊಲಿಗೆ ಮಿಷನ್ನಿನ ಹಿಂದೆ. ಗೇರ್ ಬಾಕ್ಸು ನಡುಕೋಣೆಯ ಮಂಚದ ಕೆಳಗೆ. ಸ್ಟೀರಿಂಗ್ ಚಕ್ರ ದೇವರ ಮನೆ ಬಾಗಿಲ ಮೇಲಿನ ಮೊಳೆಗೆ. ಸಣ್ಣ ಸಾಮಾನುಗಳನ್ನೆಲ್ಲ ಭಾವ ಹಾರ್ಲಿಕ್ಸ್ ಬಾಟಲಿಗಳಿಗೆ ತುಂಬಿ, ಕರಿಹಲಗೆಯ ಮೇಲೆ ಪಳಗಿದ ದುಂಡಕ್ಷರದಲ್ಲಿ ಚೀಟಿ ಅಂಟಿಸಿದರು. ಮೊದಲ ಬಾಟಲಿಗಳ ಚೀಟಿಗಳು ಖಚಿತವಾಗಿವೆ: "ಎಡ ಮುಂಚಕ್ರ, ಒಳ ನಟ್ಟು, 6." ಮುಂದೆ ಮುಂದೆ ದನಿ ತಗ್ಗುತ್ತದೆ: "ಬ್ರೇಕಿನದು ಇರಬಹುದು." ಕೊನೆಯ ಬಾಟಲಿಯ ಮೇಲೆ ಬರೀ "ಎಕ್ಸ್" ಎಂದಿದೆ. ಬೀಜಗಣಿತದಲ್ಲಿ ಅದಕ್ಕೆ ಬೆಲೆ ಕಂಡುಹಿಡಿಯುವ ದಾರಿ ಇದೆ, ಲಾರಿಯಲ್ಲಿ ಇಲ್ಲ.

ಎಂಜಿನ್ನನ್ನು ಚೈನ್ ಬ್ಲಾಕಿನಲ್ಲಿ ಎತ್ತಿ ಕೊಟ್ಟಿಗೆಯ ಮೂಲೆಯಲ್ಲಿ ಇಳಿಸಿದರು. ಪರ್ಕಿನ್ಸ್ ಪಿ-6, ಆರು ಸಿಲಿಂಡರಿನ ಡೀಸೆಲ್ ಎಂಜಿನ್ನು. ಮೂಲ ಇಂಗ್ಲೆಂಡಿನ ಪೀಟರ್‌ಬರೋದ್ದು. ನಮ್ಮ ದೇಶದಲ್ಲಿ ಅದನ್ನು ತಯಾರಿಸಿದ್ದು ಮದರಾಸಿನ ಸಿಂಪ್ಸನ್ ಕಂಪನಿ. ಕೊಟ್ಟಿಗೆಯ ಹಸು ಅದಕ್ಕೆ ದಿನಾ ಮೈ ಉಜ್ಜಿಕೊಂಡು ಉಜ್ಜಿಕೊಂಡು ಒಂದು ಮಗ್ಗುಲು ತುಕ್ಕಿಲ್ಲದೆ ಹೊಳೆಯತೊಡಗಿತು. ಬಹಳ ವರ್ಷ, ಇಡೀ ಲಾರಿಯಲ್ಲಿ ನಿತ್ಯ ಕೆಲಸ ನಡೆಯುತ್ತಿದ್ದ ಭಾಗ ಅದೊಂದೇ.

ಲಾರಿ ನೋಡಲು ಬಂದವರಿಗೆ ಭಾವ ಮೊದಲು ಲಾರಿ ತೋರಿಸುವುದಿಲ್ಲ. ಕುರ್ಚಿ ತೋರಿಸುತ್ತಾರೆ. ಬಂದವರು ಕೂತ ಮೇಲೆ, ಕನ್ನಡಕ ಒರೆಸಿಕೊಂಡು, "ಈ ಲಾರಿ ಬೊಂಬಾಯಲ್ಲಿ ಹುಟ್ಟಬೇಕಾದ್ದಲ್ಲ. ನಮ್ಮ ಮೈಸೂರು ಸೀಮೇಲಿ ಹುಟ್ಟಬೇಕಾಗಿತ್ತು" ಎಂದು ಶುರುಮಾಡುತ್ತಾರೆ.

ಮಾತು ಸುಳ್ಳಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು, ನಮ್ಮ ದೇಶದಲ್ಲೇ ಮೋಟಾರು ತಯಾರಿಸುವ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಹಿಡಿದು ಓಡಾಡಿದರು. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ಹಾಕುವ ಮಾತೂ ನಡೆಯಿತು. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಕೊನೆಗೆ ವಾಲ್‌ಚಂದರ ವಿಮಾನ ಕಾರ್ಖಾನೆ 1940ರಲ್ಲಿ ಬೆಂಗಳೂರಿಗೆ ಬಂತು, ಅದೇ ಇವತ್ತಿನ ಎಚ್‌ಎಎಲ್. ಮೋಟಾರು ಕಂಪನಿ ಮಾತ್ರ 1944ರಲ್ಲಿ ಪ್ರೀಮಿಯರ್ ಎಂಬ ಹೆಸರಿನಲ್ಲಿ ಹುಟ್ಟಿ ಬೊಂಬಾಯಿಯ ಕುರ್ಲಾದ ಪಾಲಾಯಿತು. ಅಮೆರಿಕದ ಕ್ರೈಸ್ಲರ್ ಕಂಪನಿಯ ಲೈಸೆನ್ಸಿನಲ್ಲಿ ಅಲ್ಲಿಂದ ಲಾರಿಗಳು ಹೊರಬಂದವು. ಒಂದೇ ಲಾರಿಗೆ ಮೂರು ಹೆಸರು: ಡಾಡ್ಜ್, ಡಿಸೋಟೊ, ಫಾರ್ಗೋ. ಮೂತಿಯ ಮೇಲಿನ ಅಕ್ಷರ ಬಿಟ್ಟರೆ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆದರೆ ಭಾವನ ಮುಂದೆ ಹಾಗೆನ್ನಬಾರದು; ಡಾಡ್ಜ್ ಇಟ್ಟುಕೊಂಡಿದ್ದವರನ್ನು ಅವರ ತಂದೆ ಒಂದು ಮೆಟ್ಟಿಲು ಕೆಳಗೆ ಕೂರಿಸುತ್ತಿದ್ದರಂತೆ.

ಅಲ್ಲಿಂದ ಭಾಷಣ 1954ಕ್ಕೆ ಬರುತ್ತದೆ. ಟಾಟಾದವರು ಜರ್ಮನಿಯ ಬೆಂಜ್ ಕಂಪನಿಯ ಜೊತೆ ಕೈಜೋಡಿಸಿ, ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರ ಹೊತ್ತ ಲಾರಿಗಳನ್ನು ಬಿಟ್ಟರು. 1969ರಲ್ಲಿ ಒಪ್ಪಂದ ಮುಗಿದು ನಕ್ಷತ್ರ ಹೋಯಿತು, ಲಾರಿ ಉಳಿಯಿತು, ರಸ್ತೆಯನ್ನೆಲ್ಲ ಆಳಿತು. ಫಾರ್ಗೋಗಳು ಒಂದೊಂದಾಗಿ ಗುಜರಿ ಸೇರಿದವು. ಈ ಘಟ್ಟದಲ್ಲಿ ಭಾವನ ಕಂಠ ತುಂಬಿಬರುತ್ತದೆ. ಬಂದವರ ಕಾಫಿ ಆರಿರುತ್ತದೆ. ಕತ್ತಲಾಗಿರುತ್ತದೆ. "ಲಾರಿ ಇನ್ನೊಂದ್ಸಲ ನೋಡ್ತೀವಿ ಮೇಷ್ಟ್ರೇ" ಎಂದು ಅವರು ಹೊರಡುತ್ತಾರೆ.

ಈ ಭಾಷಣವೇ ಲಾರಿಯ ಮೊದಲ ಶತ್ರು ಎಂದು ನನ್ನ ಗುಮಾನಿ. ಕೇಳಿದವರು ತಲೆದೂಗಿ, ಕೈಮುಗಿದು, "ಎಂಥಾ ಕೆಲಸ ಕೈಗೆತ್ತಿಕೊಂಡಿದೀರಿ!" ಎಂದು ಹೋದ ಸಂಜೆ ಭಾವನ ಮುಖದಲ್ಲಿ ಲಾರಿಯನ್ನು ದೆಹಲಿಗೆ ಹೊಡೆದು ವಾಪಸು ತಂದ ತೃಪ್ತಿ ಇರುತ್ತದೆ. ಮುಗಿಸಿದ ಸುಖವೆಲ್ಲ ಹೇಳಿದ್ದರಲ್ಲೇ ಸಿಕ್ಕಿಬಿಟ್ಟರೆ, ಬೆಳಗ್ಗೆ ಎದ್ದು ಗ್ರೀಸಿಗೆ ಕೈ ಹಾಕುವವರು ಯಾರು? ಒಮ್ಮೆ ಧೈರ್ಯ ಮಾಡಿ ತಡ ಆಯಿತಲ್ಲವೇ ಎಂದು ಕೇಳಿದ್ದೆ.

"ಅಲ್ಲಯ್ಯ, ಸರ್ ಎಂ.ವಿ. ಅಂಥವರು ಕೈ ಹಾಕಿದ ಮೋಟಾರು ಕೆಲಸವೇ ಅಷ್ಟು ವರ್ಷ ನಿಂತುಹೋಯ್ತು. ನಾನು ಯಾವ ಲೆಕ್ಕ?"

ಒಳಗಿನಿಂದ ಅಕ್ಕನ ದನಿ ಬಂತು: "ಅವರು ಕನ್ನಂಬಾಡಿ ಕಟ್ಟಿ ಆಮೇಲೆ ಮೋಟಾರಿಗೆ ಕೈ ಹಾಕಿದ್ದು. ನೀವು ಹಿತ್ತಿಲ ಗೋಡೆ ಕಟ್ಟಿಸಿ ಅಂದ್ರೆ ಅದನ್ನೇ ಕಟ್ಟಿಸಿಲ್ಲ."

ಎರಡನೇ ಶತ್ರು ಒರಿಜಿನಲ್. ಈ ಕುಲದ ಎಲ್ಲರಿಗೂ ಈ ಕಾಯಿಲೆ ಉಂಟು: ಹಾಕಿದರೆ ಕಂಪನಿಯ ಒರಿಜಿನಲ್ಲೇ ಹಾಕಬೇಕು, ಇಲ್ಲದಿದ್ದರೆ ಖಾಲಿ ಬಿಡಬೇಕು. ಭಾವನ ಲಾರಿ ಬಹುಪಾಲು ಖಾಲಿ ಇದೆ. ತಮಾಷೆಯೆಂದರೆ ಆ ಕಾಲದ ಲಾರಿಗೆ ಒರಿಜಿನಲ್ ಎಂಬುದೇ ಅರ್ಧ. ಕಂಪನಿಯಿಂದ ಬರುತ್ತಿದ್ದದ್ದು ಚಾಸಿ, ಎಂಜಿನ್ನು, ಬಾನೆಟ್ಟಿನ ಮೂತಿ, ಇಷ್ಟೇ. ಡ್ರೈವರು ಅದನ್ನು ಹಾಗೇ, ಮುಖಕ್ಕೆ ಟವಲು ಸುತ್ತಿಕೊಂಡು, ಬಯಲಲ್ಲಿ ಕೂತು ಓಡಿಸಿಕೊಂಡು ಬರಬೇಕು. ಕ್ಯಾಬಿನ್ನು, ಹಿಂದಿನ ಬಾಡಿ ಎಲ್ಲ ಬಡಗಿಯ, ಟಿಂಕರಿನ ಕೈಕೆಲಸ. ಭಾವನ ತಂದೆಯ ಲಾರಿಯ ಕ್ಯಾಬಿನ್ನಿನ ಬಾಗಿಲಿಗೆ ಎತ್ತಿನಗಾಡಿಗೆ ಕೆತ್ತುವಂಥ ಕಮಲದ ಹೂವನ್ನು ಬಡಗಿ ತನ್ನ ಖುಷಿಗೆ ಕೆತ್ತಿದ್ದನಂತೆ. ಈಗ ಆ ಹೂವಿಗೆ ಎಸಳು ಐದೋ ಆರೋ ಎಂಬುದು ಇತ್ಯರ್ಥವಾಗದೆ ಕ್ಯಾಬಿನ್ನಿನ ಕೆಲಸ ನಿಂತಿತ್ತು. ಭಾವನ ಹತ್ತಿರ ಇದ್ದ ಒಂದೇ ಹಳೇ ಫೋಟೋದಲ್ಲಿ ಬಾಗಿಲ ಮುಂದೆ ಅವರ ಸೋದರತ್ತೆ ನಿಂತಿದ್ದಾರೆ. ಸೋದರತ್ತೆ ಸ್ವಲ್ಪ ಸ್ಥೂಲಕಾಯರು.

ಇನ್ನು ಮೂಡು. "ಕೆಲಸಕ್ಕೇನು, ಮಾಡಿಬಿಡಬಹುದು. ಮೂಡ್ ಬರಬೇಕು ಕಣಯ್ಯ" ಎನ್ನುತ್ತಾರೆ ಭಾವ. ಮೂಡು ಬಾರದಿರಲು ಪಂಚಾಂಗವೂ ಕೈಜೋಡಿಸುತ್ತದೆ. ಆಷಾಢದಲ್ಲಿ ಹೊಸ ಕೆಲಸ ಹಿಡಿಯಬಾರದು. ಶ್ರಾವಣದಲ್ಲಿ ಹಬ್ಬ. ಭಾದ್ರಪದದಲ್ಲಿ ಗಣೇಶನ ಹಿಂದೆಯೇ ಪಿತೃಪಕ್ಷ. ಪಿತೃವಿನದೇ ಲಾರಿಯಾದ್ದರಿಂದ ಆ ಪಕ್ಷದಲ್ಲಿ ಮುಟ್ಟಬಹುದೋ ಬಾರದೋ ಎಂಬ ಜಿಜ್ಞಾಸೆ. ಕಾರ್ತೀಕದಲ್ಲಿ ಹೊತ್ತು ಬೇಗ ಮುಳುಗುತ್ತದೆ. ಧನುರ್ಮಾಸದಲ್ಲಿ ಕಬ್ಬಿಣ ತಣ್ಣಗಿರುತ್ತದೆ, ಬೇಸಿಗೆಯಲ್ಲಿ ಸುಡುತ್ತದೆ. ಯುಗಾದಿಯ ದಿನ ಮಾತ್ರ ಬೇವುಬೆಲ್ಲ ಬಾಯಲ್ಲಿಟ್ಟುಕೊಂಡು "ಈ ವರ್ಷ ಬಿಡೋದಿಲ್ಲ" ಎನ್ನುವುದುಂಟು.

ಮೂಡು ತರಿಸಲು ಅವರು ಪಟ್ಟ ಪಾಡೂ ಕಡಿಮೆಯಲ್ಲ. ಅಳಿಯ ಕೊಡಿಸಿದ ಫೋನಿನಲ್ಲಿ ಅಮೆರಿಕದವರ ವೀಡಿಯೋ ನೋಡುತ್ತಾರೆ. ಅಲ್ಲಿ ಯಾರೋ ಟೋಪಿಯ ಗಡ್ಡಧಾರಿ ಹುಲ್ಲುಗಾವಲಿನಿಂದ 1950ರ ದಶಕದ ಫೋರ್ಡ್ ಎಫ್-100 ಅಥವಾ ಷೆವ್ರೊಲೆ 3100 ಪಿಕಪ್ಪನ್ನು ಎಳೆದು ತರುತ್ತಾನೆ. ಮುಕ್ಕಾಲು ಗಂಟೆಯ ವೀಡಿಯೋ ಮುಗಿಯುವಷ್ಟರಲ್ಲಿ ಅದು ಕನ್ನಡಿಯಂಥ ಬಣ್ಣ ಬಳಿದುಕೊಂಡು ಹೆಂಡತಿಯನ್ನು ಕೂರಿಸಿಕೊಂಡು ಹೊರಡುತ್ತದೆ. ಆ ದೇಶದಲ್ಲಿ ಅಂಥ ಗಾಡಿಗಳ ನೆಲದ ತಗಡಿನಿಂದ ಬಾಗಿಲ ರಬ್ಬರಿನವರೆಗೆ ಹೊಸದಾಗಿ ಮಾಡಿ ಮಾರುವ ಅಂಗಡಿಗಳಿವೆ ಎಂಬುದು ವೀಡಿಯೋದಲ್ಲಿ ಎದ್ದು ಕಾಣುವುದಿಲ್ಲ. ನೋಡಿ ಮುಗಿಸಿದಾಗ ಭಾವನಿಗೆ ತಾವೇ ಮುಕ್ಕಾಲು ಗಂಟೆ ದುಡಿದಷ್ಟು ಆಯಾಸವಾಗಿರುತ್ತದೆ. ಮಲಗುತ್ತಾರೆ.

ಶ್ರೀರಂಗಪಟ್ಟಣದ ಹತ್ತಿರ 'ಪಯಣ' ಎಂಬ ಹಳೇ ವಾಹನಗಳ ಮ್ಯೂಸಿಯಂ ಆಗಿದೆಯಲ್ಲ, ಧರ್ಮಸ್ಥಳದ ಹೆಗ್ಗಡೆಯವರು ಮಾಡಿಸಿದ್ದು, ಅಲ್ಲಿಗೂ ಹೋಗಿಬಂದರು. ಹೊಳೆಯುವ ಕಾರುಗಳ ನಡುವೆ ಎರಡು ಸುತ್ತು ಹಾಕಿ, ಬೆನ್ನ ಹಿಂದೆ ಕೈಕಟ್ಟಿಕೊಂಡು, ಕಾವಲಿನ ಹುಡುಗನಿಗೆ "ನಮ್ಮನೇಲೂ ಒಂದಿದೆ" ಎಂದರಂತೆ. ಮನೆಗೆ ಬಂದವರೇ ಹುರುಪಿನಲ್ಲಿ ಚಪ್ಪರಕ್ಕೆ ಹೊಸ ಗರಿ ಹೊದಿಸಿದರು. ಲಾರಿಗೆ ಆದದ್ದು ಅಷ್ಟೇ, ನೆರಳು.

ಸಾಮಾನು ತರುವ ನೆಪದಲ್ಲಿ ಬೆಂಗಳೂರಿನ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಎಂಜಿನ್ನಿನ ತವರಾದ ಚೆನ್ನೈನ ಪುದುಪೇಟೆ, ಎಲ್ಲ ಕಡೆ ಹೋಗಿಬಂದಿದ್ದಾರೆ. ಹೋದದ್ದು ವಾಲ್ವ್ ಸ್ಪ್ರಿಂಗಿಗೆ; ತಂದದ್ದು ಸ್ಪ್ಯಾನರ್ ಸೆಟ್ಟು. ಅದಕ್ಕೂ ಕಾರಣ ಉಂಟು. ಅಮೆರಿಕದ ನಕ್ಷೆಯ ಚಾಸಿಗೆ ಒಂದು ಅಳತೆ, ಇಂಗ್ಲೆಂಡಿನ ಎಂಜಿನ್ನಿಗೆ ಇನ್ನೊಂದು, ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು ಮಿಲಿಮೀಟರು. ಹೀಗಾಗಿ ಭಾವನ ಹತ್ತಿರ ಮೂರು ಬಗೆಯ ಸ್ಪ್ಯಾನರುಗಳಿವೆ, ಎಲ್ಲವೂ ಎಣ್ಣೆ ಸವರಿ, ಮಾಸಿದ ಪಂಚೆಯಲ್ಲಿ ಸುತ್ತಿ, ಬೀರುವಿನಲ್ಲಿ ಅಕ್ಕನ ರೇಷ್ಮೆ ಸೀರೆಗಳ ಕೆಳಗಿನ ಅರೆಯಲ್ಲಿ. ಕೊಂಡು ತಂದ ದಿನ ಅವರಿಗೆ ಕೆಲಸ ಮುಗಿದಂತೆಯೇ ಲೆಕ್ಕ.

ಬರುವವರಲ್ಲಿ ಕೊಳ್ಳುವವರೂ ಇದ್ದಾರೆ. ಗುಜರಿಯವನು ಕೆ.ಜಿ. ಲೆಕ್ಕ ಹೇಳುತ್ತಾನೆ; ಅವನ ಮೇಲೆ ಭಾವನಿಗೆ ಸಿಟ್ಟಿಲ್ಲ, ಅದು ಅವನ ಕಸುಬು. ಅವರನ್ನು ಕೆರಳಿಸಿದ್ದು ಹೆದ್ದಾರಿಯಲ್ಲಿ ಹೋಟೆಲು ಮಾಡಿದ ಒಬ್ಬ ಯುವಕ. "ಎಂಜಿನ್ ಬೇಡ ಸಾರ್, ಮೂತಿ ಇದ್ರೆ ಸಾಕು. ಹಳದಿ ಪೇಂಟ್ ಹೊಡೆದು ಗೇಟಲ್ಲಿ ನಿಲ್ಲಿಸ್ತೀವಿ, ಜನ ಫೋಟೋ ತಕೋತಾರೆ" ಎಂದ. ಭಾವ ಆ ಸಂಜೆ ಸಂಧ್ಯಾವಂದನೆಯನ್ನೂ ಬಿಟ್ಟು ಒಂದು ಚಕ್ರಕ್ಕೆ ಪೂರ್ತಿ ಗ್ರೀಸು ತುಂಬಿದರು. ಅಪಮಾನದಿಂದ ಕೆಲಸ ಹುಟ್ಟುತ್ತದೆ ಎಂದು ನಾನು ಬೀಗಿದೆ. ಮಾರನೆಯ ದಿನ ಅಪಮಾನ ಇಳಿದಿತ್ತು.

ಕಾನೂನಿನಿಂದಲೂ ಒಂದು ಸಲ ಹುರುಪು ಬಂದಿತ್ತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು: ಐವತ್ತು ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ಗಾಡಿಗೆ ಬೇರೆ ರಿಜಿಸ್ಟ್ರೇಷನ್ನು, ನಂಬರಿನ ನಡುವೆ 'ವಿಎ' ಎಂಬ ಅಕ್ಷರ, ಹೊಸದಾಗಿ ಮಾಡಿಸಲು 20,000 ರೂಪಾಯಿ ಶುಲ್ಕ. ಭಾವ ಪತ್ರಿಕೆಯ ತುಂಡು ಕತ್ತರಿಸಿ ಹಿಡಿದುಕೊಂಡು ಪಟ್ಟಣದ ಏಜೆಂಟರ ಹತ್ತಿರ ಓಡಿದರು. ಆತ ಪೂರ್ತಿ ಓದಿ, ಈ ನಿಯಮ ಸ್ವಂತ ಬಳಕೆಯ ಎರಡು ಚಕ್ರ, ನಾಲ್ಕು ಚಕ್ರದ ಗಾಡಿಗೆ, ನಿಮ್ಮದು ಸರಕು ಹೊರುವ ಆರು ಚಕ್ರದ್ದು ಎಂದ. ಭಾವ ಒಂದು ಗಳಿಗೆ ಯೋಚಿಸಿ, "ಹಿಂದಿನ ಒಳಚಕ್ರ ಎರಡೂ ತೆಗೆದುಬಿಟ್ರೆ?" ಎಂದು ಕೇಳಿದರು. ಗಣಿತದ ದೃಷ್ಟಿಯಿಂದ ಉತ್ತರ ಸರಿಯಾಗಿಯೇ ಇತ್ತು. ಆತ ಇವರ ವಿದ್ಯಾರ್ಥಿಯೇ. ನಗಲಿಲ್ಲ, "ಮೊದಲು ಓಡ್ಲಿ ಸಾರ್" ಎಂದು ಟೀ ಕುಡಿಸಿ ಕಳಿಸಿದ.

ಇದೆಲ್ಲದರ ನಡುವೆ ಒಂದು ವರ್ಷವೂ ತಪ್ಪದೆ ನಡೆದದ್ದು ಆಯುಧಪೂಜೆ. ಚಾಸಿಯನ್ನು ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಪೂಜೆಯ ಮಟ್ಟಿಗೆ ಚಕ್ರಗಳನ್ನು ತಂದು ಸಿಕ್ಕಿಸಿ, ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು. ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿ ಅದು ಅಪ್ಪಚ್ಚಿಯಾಗಬೇಕು ತಾನೇ ಶಾಸ್ತ್ರ? ಗಾಡಿ ಅಲುಗುವುದಿಲ್ಲ. ನಿಂಬೆಹಣ್ಣು ಕಾಯುತ್ತದೆ. ಪುರೋಹಿತರು ಗಡಿಯಾರ ನೋಡಿಕೊಳ್ಳುತ್ತಾರೆ. ಕೊನೆಗೆ ಭಾವನೇ ಅತ್ತಿತ್ತ ನೋಡಿ ಹಿಮ್ಮಡಿಯಿಂದ ಒತ್ತಿ ಅಪ್ಪಚ್ಚಿ ಮಾಡುತ್ತಿದ್ದರು.

ಲಾರಿಗೆ ಬಿಡುಗಡೆ ಬಂದದ್ದು ಮೂಡಿನಿಂದಲ್ಲ, ಮಂಚದಿಂದ. ಮಗಳು ಬಾಣಂತನಕ್ಕೆ ಬರುವವಳಿದ್ದಳು. ಬಾಣಂತಿ ಕೋಣೆಯೆಂದು ಗೊತ್ತಾದದ್ದು ಗೇರ್ ಬಾಕ್ಸಿನ ಕೋಣೆ. ಮಗುವಿಗೆ ಸಾಂಬ್ರಾಣಿ ಹೊಗೆ ಹಾಕುವ ಜಾಗದಲ್ಲಿ ಗೇರ್ ಎಣ್ಣೆಯ ವಾಸನೆ ಕೂಡದು ಎಂದು ಅಕ್ಕ ಹೇಳಿದರು. ಭಾವ ಎಂದಿನ ಹಾಗೆ "ಆಗಲಿ" ಎಂದರು. ಅಕ್ಕ ಬೈಯಲಿಲ್ಲ, ಅಳಲಿಲ್ಲ, ಮಗಳಿಗೆ ಫೋನು ಮಾಡಿಸಲಿಲ್ಲ. ಮಾರನೆಯ ಬೆಳಗಿನಿಂದ ಜಗಲಿಗೆ ಕಾಫಿ ಬರುವುದು ನಿಂತಿತು, ಅಷ್ಟೇ. ಲೋಟ ಚಾಸಿಯ ಮೇಲೆ ಇರುತ್ತಿತ್ತು. ಕುಡಿಯಬೇಕಾದವರು ಅಲ್ಲಿಗೆ ಹೋಗಿ ಕುಡಿಯಬೇಕು. ಭಾವ ಮೊದಲ ದಿನ ಕುರ್ಚಿ ಎತ್ತಿಕೊಂಡೇ ಹೋದರು. ಎರಡನೆಯ ದಿನ ಕುರ್ಚಿ ಅಟ್ಟ ಸೇರಿತ್ತು.

ನಿಂತು ಕಾಫಿ ಕುಡಿಯುವ ಮನುಷ್ಯನ ಒಂದು ಕೈ ಖಾಲಿ ಇರುತ್ತದೆ. ಆ ಕೈ ಅಲ್ಲೇ ಇದ್ದ ನಟ್ಟನ್ನು ಮುಟ್ಟುತ್ತದೆ. ನಟ್ಟು ಜಾಮಾಗಿದೆ ಎಂದು ಗೊತ್ತಾಗುತ್ತದೆ. ಸೀಮೆಎಣ್ಣೆ ಬಿಟ್ಟು ನೋಡೋಣ ಅನ್ನಿಸುತ್ತದೆ. ಲೋಟ ಖಾಲಿಯಾದ ಮೇಲೂ ಭಾವ ಅಲ್ಲೇ ಇರತೊಡಗಿದರು. ಹುರುಪು ಬಂದು ಕೈಗೆ ಗ್ರೀಸಾಯಿತು ಎಂದು ಅವರು ಈಗ ಹೇಳಿಕೊಳ್ಳುತ್ತಾರೆ. ನಾನು ನೋಡಿದ ಪ್ರಕಾರ ಗ್ರೀಸು ಮೊದಲು ಆಯಿತು.

ಅಕ್ಕನ ಎರಡನೇ ನಡೆ ಹಳೇ ಡೀಸೆಲ್ ಮೇಸ್ತ್ರಿಯನ್ನು ಕರೆಸಿದ್ದು. ಪಿ-6 ಎಂಜಿನ್ನು ಬಿಚ್ಚುತ್ತಲೇ ಬೆಳೆದ ಹಿರಿಯರು, ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು, ಗ್ಯಾರೇಜು ಮಗನಿಗೆ ಬಿಟ್ಟಿದ್ದರು. ಸೈಕಲ್ಲಿನಲ್ಲಿ ಬಂದರು. ಭಾವ ಹಳೇ ಅಭ್ಯಾಸದಂತೆ ಕುರ್ಚಿ ಹುಡುಕಿ, ಸಿಕ್ಕದೆ, ನಿಂತಲ್ಲೇ "ಈ ಲಾರಿ ಬೊಂಬಾಯಲ್ಲಿ ಹುಟ್ಟಬೇಕಾದ್ದಲ್ಲ" ಎಂದು ತೆಗೆದರು. ಮೇಸ್ತ್ರಿ ಕೈ ಅಡ್ಡ ಹಿಡಿದರು.

"ಲಾರಿ ಮಾತು ಬೇಡ ಮೇಷ್ಟ್ರೇ. ನಟ್ಟಿನ ಮಾತಾಡಿ."

ಅಲ್ಲಿಂದ ಮುಂದೆ ಆ ಚಪ್ಪರದ ಕೆಳಗೆ 1935 ಇಲ್ಲ, ಕುರ್ಲಾ ಇಲ್ಲ. ಇವತ್ತು ನಾಜಲ್ ಬಿಚ್ಚುವುದು, ಅಷ್ಟೇ. ನಾಳೆಯ ಮಾತು ನಾಳೆ. ಆರೂ ಸಿಲಿಂಡರಿಗೆ ನಾಜಲಿನ ತೂತಿನಿಂದ ಡೀಸೆಲ್ಲು ಹುಯ್ದು, ಮುಚ್ಚಿ, ಮೇಸ್ತ್ರಿ ಮನೆಗೆ ಹೋದರು. ದಿನಾ ಬಂದು ಹಾರೆ ಹಾಕಿ ಮೀಟಿ, ಅಲುಗದಿದ್ದರೆ ಮತ್ತೆ ಹುಯ್ದು ಹೋಗುತ್ತಿದ್ದರು. ಒಂದು ಬೆಳಗ್ಗೆ ಫ್ಲೈವೀಲು ಗೇಣುದ್ದ ತಿರುಗಿತು. ಭಾವ ಫೋನಿನಲ್ಲಿ ಮಾತಾಡಲಾರದೆ ನನಗೆ ಬರೀ "ತಿರುಗ್ತು" ಎಂದು ಇಟ್ಟುಬಿಟ್ಟರು. ಪಂಪು ತುಮಕೂರಿಗೆ ಹೋಗಿ ಸರಿಯಾಗಿ ಬಂತು. ಗ್ಯಾಸ್ಕೆಟ್ಟು ಒರಿಜಿನಲ್ಲೇ ಬೇಕೆಂದು ಭಾವ ಪಟ್ಟು ಹಿಡಿದಾಗ ಮೇಸ್ತ್ರಿ, "ಎಂಜಿನ್ನಿಗೆ ಓದೋಕೆ ಬರಲ್ಲ" ಎಂದು ಅಂಗಡಿಯ ಹಾಳೆ ತರಿಸಿ ಕತ್ತರಿಯಲ್ಲಿ ಕತ್ತರಿಸಿದರು. ಗೇರ್ ಬಾಕ್ಸು ಮಂಚದ ಕೆಳಗಿಂದ ಹೊರಟ ದಿನ ಅಕ್ಕ ಆ ಜಾಗವನ್ನು ಸೋಪಿನಪುಡಿ ಹಾಕಿ ಉಜ್ಜಿಸಿ, ರಂಗೋಲಿಯನ್ನೂ ಬಿಟ್ಟರು. ಹಾರ್ಲಿಕ್ಸ್ ಬಾಟಲಿಗಳು ಒಂದೊಂದಾಗಿ ಖಾಲಿಯಾದವು. 'ಎಕ್ಸ್' ಬಾಟಲಿಯನ್ನು ಮೇಸ್ತ್ರಿ ಕೈಯಲ್ಲಿ ತಿರುಗಿಸಿ ನೋಡಿ, "ಇದು ಲಾರೀದಲ್ಲ, ಹೊಲಿಗೆ ಮಿಷನ್ನಿಂದು" ಎಂದರು. ಅಕ್ಕನ ಮಿಷನ್ನು ಅಷ್ಟು ವರ್ಷ ಯಾಕೆ ಗೊರಗೊರ ಅನ್ನುತ್ತಿತ್ತು ಎಂಬುದು ಅವತ್ತು ಬಯಲಾಯಿತು.

ಕಳೆದ ಆಯುಧಪೂಜೆಗೆ ನಾವೆಲ್ಲ ಸೇರಿದ್ದೆವು. ಎಂಜಿನ್ನು ಚಾಸಿಯ ಮೇಲೆ ಕೂತಿತ್ತು, ಚಕ್ರಗಳು ನೆಲದ ಮೇಲಿದ್ದವು, ಕ್ಯಾಬಿನ್ನಿನ ಬದಲು ಒಂದು ಪೆಟ್ಟಿಗೆ ಇಟ್ಟು ಅದರ ಮೇಲೆ ಭಾವನನ್ನು ಕೂರಿಸಿದ್ದರು. ಮೇಸ್ತ್ರಿ ಪೈಪಿನ ಗಾಳಿ ಹೊರತೆಗೆದು, ಬೆಳಗಿನಿಂದ ಚಾರ್ಜಿಗೆ ಹಾಕಿದ್ದ ಟ್ರ್ಯಾಕ್ಟರ್ ಬ್ಯಾಟರಿಗೆ ತಂತಿ ತಾಗಿಸಿದರು. ಎರಡು ಸಲ ಕೆಮ್ಮು. ಮೂರನೆಯ ಸಲ ಚಪ್ಪರದ ಗರಿಯೆಲ್ಲ ನಡುಗುವಂತೆ ಪಿ-6 ಹೊಡೆದುಕೊಳ್ಳತೊಡಗಿತು. ಹೊಗೆಗೆ ಕಾಗೆಗಳು ಎದ್ದವು. ಪಕ್ಕದ ತೋಟದ ಮರದಿಂದ ಕಾಯಿ ಕೀಳುವವನು ಅರ್ಧದಲ್ಲೇ ಇಳಿದುಬಂದ. ಭಾವ ಏನೂ ಅನ್ನಲಿಲ್ಲ. ಎಡಗೈಯಿಂದ ಕಣ್ಣೊರೆಸಿಕೊಂಡು, ಬಲಗೈಯಲ್ಲಿ ಗೇರಿನ ರಾಡನ್ನು ಹೀಗೇ ಸುಮ್ಮನೆ, ಅಭಿಮಾನಕ್ಕೆ, ಹಿಂದಕ್ಕೆ ಎಳೆದರು.

ಬ್ರೇಕು ಇನ್ನೂ ಜೋಡಿಸಿರಲಿಲ್ಲ.

ಲಾರಿ ನಾಲ್ಕು ನಿಂಬೆಹಣ್ಣುಗಳನ್ನೂ ಶಾಸ್ತ್ರೋಕ್ತವಾಗಿ ಅಪ್ಪಚ್ಚಿ ಮಾಡಿ, ಇಳಿಜಾರಿನಲ್ಲಿ ಹಿಂದಕ್ಕೆ ಹೊರಟು, ಹಿತ್ತಿಲ ಹಳೇ ಮಣ್ಣುಗೋಡೆಯನ್ನು ಕೆಡವಿ, ತಿಪ್ಪೆಗೆ ಆನಿಕೊಂಡು ನಿಂತಿತು. ಪುರೋಹಿತರು ಮಂತ್ರ ನಿಲ್ಲಿಸದೆ ಪಕ್ಕಕ್ಕೆ ಸರಿದದ್ದನ್ನು ಇಲ್ಲಿ ದಾಖಲಿಸಬೇಕು. ಅಕ್ಕ ಬಿದ್ದ ಗೋಡೆಯನ್ನು ನೋಡಿದರು, ಪೆಟ್ಟಿಗೆಯ ಮೇಲೆ ಕೂತ ಗಂಡನನ್ನು ನೋಡಿದರು. "ಒಳ್ಳೇದಾಯ್ತು. ಇನ್ನು ಕಟ್ಟಿಸ್ಲೇಬೇಕು" ಎಂದು ಒಳಗೆ ಹೋಗಿ ಎಲ್ಲರಿಗೂ ಪಾಯಸ ಬಡಿಸಿದರು.

ಸದ್ಯದ ಪರಿಸ್ಥಿತಿ ಹೀಗಿದೆ. ಬ್ರೇಕು ಮುಂದಿನದು ಹಿಡಿಯುತ್ತದೆ, ಹಿಂದಿನದು ಹಿಡಿಯಬೇಕು. ಕ್ಯಾಬಿನ್ನಿಗೆ ಬಡಗಿ ಗೊತ್ತಾಗಿದ್ದಾನೆ. ಕಮಲಕ್ಕೆ ಆರು ಎಸಳು ಎಂದು ಅಕ್ಕನೇ ತೀರ್ಪು ಕೊಟ್ಟಾಗಿದೆ. ಮೊಮ್ಮಗು ಎಂಜಿನ್ನಿನ ಸದ್ದಿಗೆ ಮಾತ್ರ ನಿದ್ದೆ ಮಾಡುತ್ತದೆ, ಹಾಗಾಗಿ ದಿನಾ ಮಧ್ಯಾಹ್ನ ಡೀಸೆಲ್ಲು ಖರ್ಚಾಗುತ್ತಿದೆ. ಇನ್ನು ಬೇಕಾಗಿರುವುದು ಎರಡು ಸಾಮಾನು: ಎಡಗಡೆ ಹೆಡ್‌ಲೈಟಿನ ರಿಮ್ಮು ಮತ್ತು ಬಾನೆಟ್ಟಿನ ಮೇಲಿನ ಹೆಸರಿನಲ್ಲಿ ಬಿದ್ದುಹೋಗಿರುವ ಕೊನೆಯ ಅಕ್ಷರ. ನಿಮ್ಮ ಊರಿನ ಯಾವುದಾದರೂ ಹಳೇ ಷೆಡ್ಡಿನಲ್ಲೋ ಕೊಬ್ಬರಿ ಗೋದಾಮಿನಲ್ಲೋ ಇವು ಕಣ್ಣಿಗೆ ಬಿದ್ದರೆ ದಯವಿಟ್ಟು ಪಾರ್ಸೆಲ್ ಮಾಡಿ ಕಳಿಸಿ. ಖುದ್ದಾಗಿ ಮಾತ್ರ ತರಬೇಡಿ. ತಂದರೆ ಭಾವ ಅಟ್ಟದಿಂದ ಕುರ್ಚಿ ಇಳಿಸುತ್ತಾರೆ.